ಮಿಸ್ತ್ರಿಯ ಕೈಯಲ್ಲಿ ಜಗ್ಗದ ಗಾಡಿ

1964ರ ಬೇಸಿಗೆ. ಅಂಗಳದ ಬೇವಿನ ನೆರಳಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ನಡು ಮಧ್ಯಾಹ್ನ ನಮ್ಮ ಮನೆಯವರು ಬರಿಗಾಲಲ್ಲಿ ನಡೆದು ಬಂದರು. ಬಗಲಲ್ಲಿ ತೊಯ್ದ ಕೌದಿಯ ತುಂಡು. ಕಾರಿನ ಸಪ್ಪಳವಿಲ್ಲದೆ ಆ ಹೊತ್ತಿಗೆ ಅವರು ಮನೆಗೆ ಬಂದವರೇ ಅಲ್ಲ. ಮೊರ ಕೆಳಗಿಟ್ಟು ಎದ್ದೆ.

ನನ್ನ ಹುದ್ದೆ ಮನೆವಾರ್ತೆ. ಅದಕ್ಕೆ ನಿವೃತ್ತಿ ಇಲ್ಲ. ಆದರೂ ಒಂದು ಕಾರಿನ ರೋಗ ನಮ್ಮ ಅಂಗಳದಲ್ಲೇ ಪತ್ತೆಯಾದದ್ದನ್ನು ಬರೆದಿಡಬೇಕೆನಿಸಿದೆ. ವಿಜಯಪುರವನ್ನು ವಿಜಾಪುರ ಎನ್ನುತ್ತಿದ್ದ ಕಾಲ. ಮನೆಯವರು, ಮಲ್ಲಪ್ಪ ಅವರ ಹೆಸರು, ಸ್ಟೇಷನ್ ರಸ್ತೆಯಲ್ಲಿ ಕಾಳಿನ ಅಂಗಡಿ ಇದ್ದ ಸಾವುಕಾರರ ಕಾರು ನಡೆಸುತ್ತಿದ್ದರು. ತಿಕೋಟಾ, ಬಬಲೇಶ್ವರದ ಸಂತೆಗಳಿಗೆ ಹೋಗಿ ಬರುವುದೇ ಹೆಚ್ಚಿನ ಕೆಲಸ.

ಹಿಂದಿನ ಚಳಿಗಾಲದಲ್ಲಿ ನಮ್ಮ ನಾಲ್ಕು ವರ್ಷದ ಸಂಗು ಜ್ವರದಿಂದ ಮಲಗಿದ್ದ. ಮಗನನ್ನು ಉಳಿಸು, ಬರುವ ದೀಪಾವಳಿಯ ತನಕ ಕಾಲಿಗೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ಇವರು ಮನೆದೇವರಿಗೆ ಹರಕೆ ಹೊತ್ತರು. ಮಗು ಉಳಿಯಲಿಲ್ಲ. ಅತ್ತೆಯವರು ಚಪ್ಪಲಿ ತಂದು ಮುಂದಿಟ್ಟಾಗ ಇವರು ಅದನ್ನು ಬದಿಗೆ ಸರಿಸಿದರು.

"ಮಾತು ಕೊಟ್ಟಾಂವ ನಾನವ್ವಾ. ದೇವರು ನಡಸಲಿಲ್ಲಂತ ನಾ ಬಿಡ್ಲೇನು?"

ಬಿಸಿಲೇರಿದಂತೆ ಕಾರಿನ ತಳದ ತಗಡು ರೊಟ್ಟಿಯ ಹಂಚಿನ ಹಾಗೆ ಕಾಯತೊಡಗಿತು. ಎಂಜಿನ್ನಿನ ಕಾವು ಬೇರೆ. ಅತ್ತೆಯವರು ಹಳೆಯ ಬಟ್ಟೆಗಳನ್ನು ಪದರ ಹಾಕಿ ಹೊಲಿದು, ಮಗನ ಪಾದದಡಿ ಹಾಸಲು ಆ ಕೌದಿಯ ತುಂಡು ಮಾಡಿಕೊಟ್ಟರು. ಇನ್ನೂ ಸುಡುತ್ತದೆ ಎಂದರೆ ಇನ್ನೊಂದು ಪದರ.

ಅದೇ ದಿನಗಳಲ್ಲಿ ಗೇರ್ ಬದಲಿಸುವಾಗ ಕಾರು ಜಗ್ಗಲು ಶುರುವಾಯಿತು. ಕರ್ರೆಂದು ಹಲ್ಲು ಕಡಿದು, ಯಾರೋ ಹಿಂದಿನಿಂದ ಒದ್ದಂತೆ ಮುಂದಕ್ಕೆ ಹಾರುತ್ತಿತ್ತು. ಮಿಸ್ತ್ರಿ ದಾವಲಸಾಬರು ಗೇರಿನ ಎಣ್ಣೆ ಬದಲಿಸಿದರು. ಕ್ಲಚ್ ಪ್ಲೇಟು ಬಿಚ್ಚಿ ನೋಡಿದರು. ಎಂಜಿನ್ ಕೂರುವ ರಬ್ಬರುಗಳನ್ನೂ ಹೊಸದಾಗಿ ಹಾಕಿದರು. ತಾವೇ ನಡೆಸಿ ನೋಡಿದಾಗಲೆಲ್ಲ ಗಾಡಿ ಮೆತ್ತಗೆ ಓಡುತ್ತಿತ್ತು. ಇವರು ಕುಳಿತರೆ ಮತ್ತೆ ಅದೇ ಪಾಡು.

ನಡೆದು ಬಂದ ಆ ಮಧ್ಯಾಹ್ನ ಇವರು ತಂದ ಸುದ್ದಿ ಇದು: ತಿಕೋಟಾದಿಂದ ಬರುವಾಗ ಗಾಡಿ ಜಗ್ಗಿ, ಸಾವುಕಾರರ ತಾಯಿಯ ಹಣೆ ಮುಂದಿನ ಸೀಟಿಗೆ ಬಡಿದಿತ್ತು. ಅವರ ಕೈಯ ಮಜ್ಜಿಗೆ ತಂಬಿಗೆ ಹಾರಿ ಕೌದಿಯ ಮೇಲೆ ಚೆಲ್ಲಿತ್ತು. ಸಾವುಕಾರರು ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು.

"ಮಿಸ್ತ್ರಿ ಕೈಯಾಗ ಸರಳ ಓಡೋ ಗಾಡಿ ನಿನ್ನ ಕೈಯಾಗ ಯಾಕ ಜಗ್ಗತೈತಿ, ಮಲ್ಲಪ್ಪಾ? ಹುಡುಗ ಹೋದಾಗಿಂದ ನಿನ್ನ ಧ್ಯಾಸ ರಸ್ತೆ ಮ್ಯಾಲಿಲ್ಲ. ಮುಂದಿನ ವಾರ ದಿನ ತುಂಬಿದ ಮಗಳನ್ನ ಕರಕೊಂಡು ಬರೋದೈತಿ, ನಿನ್ನ ನಂಬಿ ಹೆಂಗ ಕುಂಡ್ರಸಲಿ? ನಾಳೆ ಬಬಲೇಶ್ವರಕ್ಕ ಹೋಗೂಣು. ಜಗ್ಗಿತಂದ್ರ ಚಾವಿ ಕೊಟ್ಟು ಹೋಗು."

ಸಾವುಕಾರರ ಈ ಮಾತು ಹೇಳಿ ಇವರು ತಮ್ಮ ಎರಡೂ ಅಂಗೈ ನೋಡಿಕೊಂಡರು. "ಅವರು ಅಂದದ್ದು ಖರೇನ ಇರಬೇಕು" ಎಂದರು. ಕೆಲಸ ಹೋಗುವ ಭಯಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಕುಗ್ಗಿಸಿತು.

ಮಜ್ಜಿಗೆಯ ನಾತ ಹೋಗಲೆಂದು ಕೌದಿ ಒಗೆದು ಹಗ್ಗಕ್ಕೆ ಹಾಕಿದೆ. ಅಷ್ಟು ದಪ್ಪದ್ದು, ಬೆಳಗಾದರೂ ಒಣಗಲಿಲ್ಲ. ಇವರು ಅದಿಲ್ಲದೆ ಹೋದರು. ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತ, ಸಣ್ಣದೊಂದು ಮೋಡವನ್ನಾದರೂ ಕಳಿಸಪ್ಪಾ ಎಂದು ಬೇಡಿಕೊಂಡೆ. ಮೋಡ ಬರಲಿಲ್ಲ.

ಸಂಜೆ ಕಾರೇ ಬಾಗಿಲಿಗೆ ಬಂತು. ಪಕ್ಕದಲ್ಲಿ ದಾವಲಸಾಬರಿದ್ದರು. ಬಬಲೇಶ್ವರಕ್ಕೆ ಹೋಗುವಾಗಲೂ ಬರುವಾಗಲೂ ಒಮ್ಮೆಯೂ ಜಗ್ಗಲಿಲ್ಲ ಎಂದರು ಇವರು. ಆದರೆ ಇವರ ಮುಖದಲ್ಲಿ ಗೆಲುವಿರಲಿಲ್ಲ. ಪಾದಗಳಲ್ಲಿ ಗುಳ್ಳೆ ಎದ್ದಿದ್ದವು. ಯಾಕೆ ಜಗ್ಗಲಿಲ್ಲ ಎಂದು ತಿಳಿಯದಿದ್ದರೆ ನಾಳೆ ಮತ್ತೆ ಜಗ್ಗುತ್ತದೆಂಬ ಅಂಜಿಕೆಗೆ ಮಿಸ್ತ್ರಿಯನ್ನು ಕರೆತಂದಿದ್ದರು.

"ಇವತ್ತ ಬ್ಯಾರೆ ಏನಿತ್ತರಿ ಗಾಡ್ಯಾಗ?" ಎಂದು ಕೇಳಿದೆ.

"ಏನೂ ಇಲ್ಲ. ಕೌದಿ ಒಂದು ಇರಲಿಲ್ಲ" ಎಂದರು ಇವರು.

ಮಿಸ್ತ್ರಿ ಹಗ್ಗದ ಕಡೆ ನೋಡಿದರು. ಒಳಪದರ ಇನ್ನೂ ಹಸಿಯಿದ್ದ ಕೌದಿಯನ್ನೇ ತೆಗೆದು ಕ್ಲಚ್ಚಿನ ಕೆಳಗೆ ಹಾಸಿ, ಇವರಿಗೆ ಒತ್ತಲು ಹೇಳಿದರು. ಪೆಡಲು ಅರ್ಧ ದಾರಿಗೇ ನಿಂತಿತು. ಕ್ಲಚ್ ಪೂರ್ತಿ ಒತ್ತಿದರೆ ಎಂಜಿನ್ನಿಗೂ ಗೇರಿಗೂ ಇರುವ ಹಿಡಿತ ಬಿಡುತ್ತದಂತೆ. ಆ ಬಿಡುವಿನಲ್ಲಿ ಗೇರ್ ಹಾಕಬೇಕು. ಹಿಡಿತ ಬಿಡದೆ ಹಾಕಿದರೆ ಗಾಡಿ ಜಗ್ಗುತ್ತದೆ. ಪದರ ಒಂದೊಂದಾಗಿ ಏರಿದ್ದರಿಂದ, ಪೆಡಲು ಅಲ್ಲಿಗೇ ಮುಗಿಯುತ್ತದೆಂದು ಇವರ ಕಾಲು ರೂಢಿ ಮಾಡಿಕೊಂಡಿತ್ತು.

"ನಾ ಹತ್ತೋಕ್ಕಿಂತ ಮೊದಲ ಇದನ್ನ ತಗದು ಸೀಟಿನ ಮ್ಯಾಲೆ ಇಡತಿದ್ನಿ, ಯವ್ವಾ" ಎಂದರು ದಾವಲಸಾಬರು. "ತಾಯಿ ಹೊಲದ ಕೌದಿ, ಬೂಟಗಾಲಿಲೆ ಹೆಂಗ ತುಳೀಲಿ?"

ಇವರು ಮತ್ತೆ ತಮ್ಮ ಅಂಗೈ ನೋಡಿಕೊಂಡರು. "ಅಂದ್ರ ನನ್ನ ಕೈ ಕೆಟ್ಟಿಲ್ಲ."

"ಕೈಗೇನಾಗೇತಲೇ ನಿನಗ? ನಿಮ್ಮವ್ವನ ಮಾಯಾ-ಮಮತೀನ ದಪ್ಪ ಆಗೇತಿ."

ಒಂದೇ ಪದರ ಇಟ್ಟುಕೋ ಎಂದು ಹೇಳಿ ಮಿಸ್ತ್ರಿ ಹೋದರು. ಅತ್ತೆಯವರು ಕುಳಿತು ಹೊಲಿಗೆ ಬಿಚ್ಚಿದರು. ಅವರ ಸೀರೆಯ ತುಂಡು, ಇವರ ಧೋತರ, ಅವುಗಳ ನಡುವೆ ಸಂಗುವಿನ ಎರಡು ಅಂಗಿ. ಅವನ್ನು ಒಳಗಿಟ್ಟು ಹೊಲಿದದ್ದು ನನಗೂ ಗೊತ್ತಿರಲಿಲ್ಲ. ಯಾಕೆ ಹಾಕಿದಿರಿ ಎಂದು ಕೇಳಿದೆ.

"ಅವನ ಸಲುವಾಗೇ ಸುಡಾಕತ್ತಿದ್ದುವು ಆ ಕಾಲು. ಅವನ ಅಂಗೀನ ತಂಪು ಮಾಡ್ಲಿ ಅಂದೆ."

ಇವರು ಅಂಗಿಗಳನ್ನು ಕಣ್ಣಿಗೊತ್ತಿಕೊಂಡರು. ಇಷ್ಟು ದಿನ ಇವನ್ನೇ ತುಳಿದೆನಲ್ಲ ಎಂದುಕೊಂಡರೋ ಏನೋ, ಆ ಮೇಲೆ ಒಂದು ಪದರವನ್ನೂ ಹಾಸಿಕೊಳ್ಳಲಿಲ್ಲ. ದೀಪಾವಳಿಯ ತನಕ ಬರಿ ತಗಡಿನ ಮೇಲೆ ಕಾಲಿಟ್ಟು ನಡೆಸಿದರು. ಸಾವುಕಾರರ ಮಗಳು ಸುಖವಾಗಿ ಬಂದು ಸುಖವಾಗಿ ಹೆತ್ತಳು. ಸಾವುಕಾರರು ತಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಚಾವಿಯನ್ನೂ ಕೇಳಲಿಲ್ಲ. ಆ ವರ್ಷ ಮಳೆ ಬೇಗ ಬಿದ್ದು ತಗಡು ತಣ್ಣಗಾಯಿತು. ಇವಿಷ್ಟು ದೇವರು ಕೊಟ್ಟದ್ದು, ಇಲ್ಲವೆನ್ನಲಾರೆ.

ಮನೆವಾರ್ತೆ ನನಗೆ ಕಲಿಸಿದ್ದು ಇಷ್ಟೆ. ದುಃಖದಲ್ಲಿರುವವರ ಕೆಲಸ ಕೆಟ್ಟರೆ ಎಲ್ಲವನ್ನೂ ಅವರ ದುಃಖದ ತಲೆಗೆ ಕಟ್ಟಬಾರದು. ಮೊದಲು ಕಾಲ ಕೆಳಗಿನ ಬಟ್ಟೆ ಎತ್ತಿ ನೋಡಬೇಕು.

ಆ ಸಂಜೆ ಎರಡೂ ಅಂಗಿಗಳನ್ನು ನೀರಿನಲ್ಲಿ ಅದ್ದಿ ಹಿಂಡಿ ಹಗ್ಗಕ್ಕೆ ಹಾಕಿದೆ. ಹಿಂದಿನ ದಿನ ಅರ್ಧಕ್ಕೆ ಬಿಟ್ಟ ಜೋಳ ಮೊರದಲ್ಲಿ ಹಾಗೇ ಇತ್ತು. ಬೆಳಕಿರುವಾಗಲೇ ಮುಗಿಸಬೇಕೆಂದು ಕುಳಿತು ಕಲ್ಲು ಆರಿಸತೊಡಗಿದೆ.