ಕೊಡಗಿನ ಆಂಟಿಯ ಸೊಂಟದ ಚೀಲ

ಆಸ್ಟ್ರೇಲಿಯಾದ ವೆರಿಬೀಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೊಡಗಿನ ಆಂಟಿ ಪಿಸ್ತೂಲ್ ಕ್ಲಬ್ಬಿನಲ್ಲಿ ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ. ಕಾಡಿಗೆ ಹೊರಟರೆ ಮಾತ್ರ ಸೊಂಟದ ಚೀಲದಲ್ಲಿ ಬರೀ ಬ್ಯಾಂಡೇಜಿನ ಸುರುಳಿ, ಹಾವು ಕಚ್ಚಿದರೆ ಬಿಗಿಯಾಗಿ ಸುತ್ತಲು.

ಅಮೆರಿಕದಿಂದ ಬಂದಿದ್ದ ನನ್ನ ಭಾವ ಒಮ್ಮೆ ನಮ್ಮಿಬ್ಬರೊಡನೆ ಕಾಡಿನಲ್ಲಿ ನಡೆಯುತ್ತ ಕೇಳಿದರು: "ಆಂಟಿ, ಹೈಕಿಂಗ್‌ಗೆ ಯಾವ ಹ್ಯಾಂಡ್‌ಗನ್ ಬೆಸ್ಟ್?"

"ಯಾವುದಕ್ಕೆ ಹೆದರ್ತೀರಿ, ಮೊದಲು ಅದು ಹೇಳಿ." ಯಾರು ಏನು ಕೇಳಿದರೂ ಅವರದು ಇದೇ ಮಾತು.

"ಕರಡಿ?"

"ಇಲ್ಲಿ ಕರಡಿ ಇಲ್ಲ."

"ಹಾವು?"

"ಇದೆ. ಆದ್ರೆ ಲೈಸೆನ್ಸ್ ಇದ್ರೂ ಪಿಸ್ತೂಲ್ ಕಾಡಿಗೆ ತರೋ ಹಾಗಿಲ್ಲ."

ಅಷ್ಟರಲ್ಲಿ ಕಂದು ಹಾವೊಂದು ದಾರಿಗೆ ಅಡ್ಡ ಬಂತು. ಭಾವನ ಕೈ ಏನೂ ಇಲ್ಲದ ಸೊಂಟಕ್ಕೆ ಹಾರಿತು. ಆಂಟಿ ಅಂಗೈ ಎತ್ತಿ ನಮ್ಮನ್ನು ನಿಲ್ಲಿಸಿದರು. ಹಾವು ತನ್ನ ಪಾಡಿಗೆ ಪೊದೆ ಸೇರಿತು.

"ನೀವು ಯಾವುದಕ್ಕೂ ಹೆದರಲ್ವಾ, ಆಂಟಿ?" ಎಂದರು ಭಾವ, ಬೆವರೊರೆಸಿಕೊಳ್ಳುತ್ತ.

"ಹೆದರ್ತೀನಿ. ಹೆದರಿದವರ ಕೈಲಿರೋ ಗನ್‌ಗೆ."