ಕಡಲಾಚೆಯ ಕಪಾಟು

ಕ್ಷಮೆಯ ಬಗ್ಗೆ ಉಪದೇಶ ಮಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹದಿನಾಲ್ಕನೆಯ ವಯಸ್ಸಿನಿಂದ ಮೂವತ್ತರವರೆಗೆ ನಾನು ಒಬ್ಬ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ಬದುಕಿದವನು. ಬೇರೆಯವರು ಮದುವೆಯ ಬಗ್ಗೆ, ಮನೆ ಕಟ್ಟುವುದರ ಬಗ್ಗೆ ಯೋಚಿಸುವ ವಯಸ್ಸಿನಲ್ಲಿ ನಾನು ಆತನ ಮುಖ ಯಾವಾಗ ಕಪ್ಪಿಡುತ್ತದೆ ಎಂದು ಕಾಯುತ್ತಿದ್ದೆ. ಕಾದದ್ದು ಸಿಕ್ಕಿತು ಕೂಡ.

ನಮ್ಮ ಅಪ್ಪ ಮಂಗಳೂರಿನ ಕುದ್ರೋಳಿಯಲ್ಲಿ ಆಚಾರಿ. ಮರದ ಕೆಲಸದಲ್ಲಿ ಅವರನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ, ಮಗನೆಂದು ಹೇಳುತ್ತಿಲ್ಲ. ಬಂದರದಲ್ಲಿ ಕಾಫಿ, ಕಾಳುಮೆಣಸಿನ ದೊಡ್ಡ ಮಂಡಿ ಇಟ್ಟಿದ್ದ ಒಬ್ಬ ದಣಿ ತನ್ನ ಮನೆಗೆ ಒಂದು ಕಪಾಟು ಬೇಕೆಂದು ಅಪ್ಪನಿಗೆ ಹೇಳಿ ಕಳುಹಿಸಿದ. ಅಪ್ಪ ಹಲಸಿನ ಮರ ಆರಿಸಿ, ಒಣಗಿಸಿ, ಎಂಟು ತಿಂಗಳು ಕೂತು ಅದನ್ನು ಮಾಡಿದರು. ಒಂದೇ ಒಂದು ಕಬ್ಬಿಣದ ಮೊಳೆ ಇರಲಿಲ್ಲ, ಎಲ್ಲ ಬಿದಿರಿನ ಗೂಟ. ನಮ್ಮ ಕಡೆ ಕೆಲಸ ಮುಗಿದ ದಿನ ಯಜಮಾನ ಆಚಾರಿಯ ಕೈಗೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಒಂದು ಪಂಚೆ ಕೊಡಬೇಕು. ಆಮೇಲೆ ಆಚಾರಿಯೇ ಮೊದಲು ಬಾಗಿಲು ತೆರೆದು ತೋರಿಸುತ್ತಾನೆ. ಅದಾಗುವ ತನಕ ಆ ಸಾಮಾನು ಮನೆಯದಾಗುವುದಿಲ್ಲ. ಅಪ್ಪ ಒಗೆದ ಬಟ್ಟೆ ಉಟ್ಟು ವೀಳ್ಯ ತೆಗೆದುಕೊಳ್ಳಲು ಹೋದರು, ನಾನೂ ಹಿಂದೆ ಹೋದೆ. ಅಲ್ಲಿ ದಣಿಯ ಬೊಂಬಾಯಿ ಸ್ನೇಹಿತನೊಬ್ಬ ಕೂತಿದ್ದ. ಆತ ಕಪಾಟಿನ ಸುತ್ತ ಒಂದು ಸುತ್ತು ಬಂದು, ಇದರಲ್ಲಿ ಭತ್ತ ತುಂಬಿಸುತ್ತೀರಾ ಎಂದು ಕೇಳಿ ನಕ್ಕ. ದಣಿಯೂ ನಕ್ಕ. ನಗು ಮುಗಿದ ಮೇಲೆ ಅಪ್ಪನ ಕಡೆ ನೋಡದೆಯೇ, "ಇದನ್ನು ತೆಗೆದುಕೊಂಡು ಹೋಗು ಮಾರಾಯ, ನಾನು ಇಂಗ್ಲಿಷರ ಸೀಮೆಯಿಂದ ತರಿಸ್ತೇನೆ" ಎಂದ.

ಎತ್ತಿನ ಗಾಡಿಯಲ್ಲಿ ಕಪಾಟು ವಾಪಸು ಬಂತು. ಬಂದರದಿಂದ ಕುದ್ರೋಳಿಯ ತನಕ ದಾರಿಯಲ್ಲಿ ಸಿಕ್ಕಿದವರೆಲ್ಲ ಎಂತ ಆಯಿತು ಎಂದು ಕೇಳಿದರು. ಅಪ್ಪ ಕಪಾಟಿನ ಹಗ್ಗ ಬಿಗಿ ಮಾಡುತ್ತಾ ಗಾಡಿಯ ಹಿಂದೆ ನಡೆದರು. ಆಮೇಲೆ ಅವರು ಯಾರ ಮನೆಗೂ ಕಪಾಟು ಮಾಡಲಿಲ್ಲ. ಹೆಂಚಿನ ಕಾರ್ಖಾನೆಗೆ ಪೆಟ್ಟಿಗೆ ಬಡಿಯುವ ಕೆಲಸಕ್ಕೆ ಸೇರಿದರು. ಅಷ್ಟು ನಯವಾದ ಕೈ ದಿನವಿಡೀ ಒರಟು ಹಲಗೆಗೆ ಮೊಳೆ ಬಡಿಯುವುದನ್ನು ನೋಡಿ ನಾನು ಹಲ್ಲು ಕಡಿಯುತ್ತಿದ್ದೆ.

ಅಪ್ಪ ನನ್ನನ್ನು ಉಳಿ ಹಿಡಿಯಲು ಬಿಡಲಿಲ್ಲ, ಪಾದ್ರಿಗಳ ಶಾಲೆಗೆ ಕಳುಹಿಸಿದರು. ಇಂಗ್ಲಿಷ್ ಕಲಿತೆ, ಟೈಪು ಕಲಿತೆ. ಕಲಿತು ನೇರವಾಗಿ ಆ ದಣಿಯ ಮಂಡಿಗೇ ಹೋಗಿ ಗುಮಾಸ್ತನಾಗಿ ಸೇರಿದೆ. ಬೇರೆ ಕಡೆ ಕೆಲಸ ಇರಲಿಲ್ಲವೆಂದಲ್ಲ. ನೀನು ಯಾರ ಮಗ ಎಂದು ಆತ ಕೇಳಲೇ ಇಲ್ಲ. ನನ್ನ ಅಕ್ಷರ ನೋಡಿದ, ಸಾಕು ಎಂದ.

ಆರು ವರ್ಷ ತಲೆ ತಗ್ಗಿಸಿ ಕಾಗದ ಬರೆದೆ. ಅಷ್ಟರಲ್ಲಿ ದಣಿ ಕದ್ರಿಯ ಗುಡ್ಡದಲ್ಲಿ ಬಂಗಲೆ ಕಟ್ಟಿಸಿ, ಅದರ ಚಾವಡಿಗೆ ದೊಡ್ಡದೊಂದು ಕನ್ನಡಿ ಬಾಗಿಲಿನ ಕಪಾಟು ಬೇಕೆಂದು ಹೊರಟ. ಊರಿನಲ್ಲಿ ಯಾರಲ್ಲಿಯೂ ಇಲ್ಲದ್ದು ಆಗಬೇಕು. ಆತನಿಗೆ ಇಂಗ್ಲಿಷ್ ಬಾರದು, ಸಹಿ ಮಾತ್ರ ಬರುತ್ತದೆ. ಹಾಗಾಗಿ ಇಂಗ್ಲೆಂಡಿನ ಕಪಾಟು ಕಾರ್ಖಾನೆಗಳಿಗೆ ಬರೆದು ಚಿತ್ರದ ಪುಸ್ತಕ ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಪುಸ್ತಕಗಳು ಬಂದವು. ತೆಳ್ಳಗಿನ ಮರದ ತುಂಡುಗಳ ಮಾದರಿ ಬಂತು, ಬೀಗದ ಚಿತ್ರ ಬಂತು. ದಣಿ ಅವನ್ನು ಮಂಡಿಗೆ ಬಂದವರಿಗೆಲ್ಲ ತೋರಿಸಿ, "ನಮ್ಮ ಆಚಾರಿಗಳಿಗೆ ಇದು ಆಗುವುದುಂಟಾ?" ಎಂದು ಕೇಳುತ್ತಿದ್ದ. ನಾನು ಪಕ್ಕದಲ್ಲೇ ಕೂತು ಟೈಪು ಮಾಡುತ್ತಿದ್ದೆ.

ಒಂದು ಕಾರ್ಖಾನೆಯನ್ನು ಆರಿಸಿದ. ಅವರು ಒಂದು ಅಚ್ಚಾದ ಹಾಳೆಯನ್ನು ಕಳುಹಿಸಿ, ತುಂಬಿಸಿ ಕೊಡಿ ಎಂದರು. ಎತ್ತರ ಎಷ್ಟು, ಬೀಗ ಯಾವುದು, ಬಣ್ಣ ಯಾವುದು. ಕೊನೆಯಲ್ಲಿ ಒಂದು ಪ್ರಶ್ನೆ: ನಿಮ್ಮ ಊರಿನ ಹವೆ ಎಂಥದು? ಮಳೆಯ ದೇಶಗಳಿಗೆ ನಾವು ಅಂಟು ಬಳಸದೆ, ದಪ್ಪ ಮರಕ್ಕೆ ಹಿತ್ತಾಳೆಯ ತಿರುಪು ಹಾಕಿ ಮಾಡುತ್ತೇವೆ. ಒಣ ದೇಶಗಳಿಗೆ ಅಂಟು ಹಾಕಿ, ಮೇಲೆ ತೆಳ್ಳಗಿನ ಮರ ಹೊದೆಸುತ್ತೇವೆ.

ಆ ಸಾಲನ್ನು ನಾನು ಮೂರು ಸಲ ಓದಿದೆ. ದಣಿಗೆ ಬೀಗದ ಪ್ರಶ್ನೆಯನ್ನೂ ಬಣ್ಣದ ಪ್ರಶ್ನೆಯನ್ನೂ ಓದಿ ಹೇಳಿದೆ, ಇದನ್ನು ಹೇಳಲಿಲ್ಲ. ಹವೆಯ ಮುಂದೆ ನಾನೇ ಟೈಪು ಮಾಡಿದೆ: ಒಣ ಹವೆ, ಹಿತವಾದದ್ದು. ಮಂಗಳೂರಿನ ಬಗ್ಗೆ ಅಷ್ಟು ದೊಡ್ಡ ಸುಳ್ಳನ್ನು ಅದಕ್ಕಿಂತ ಮೊದಲು ಯಾರೂ ಬರೆದಿರಲಾರರು. ದಣಿ ಕೆಳಗೆ ಸಹಿ ಹಾಕಿದ, ಶಾಯಿ ಆರಲೆಂದು ಊದಿಯೂ ಕೊಟ್ಟ.

ದೀಪಾವಳಿ ಕಳೆದು, ಮಳೆಗಾಲಕ್ಕೆ ಮುಚ್ಚಿದ್ದ ಸಮುದ್ರ ತೆರೆದ ಮೇಲೆ ಹಡಗು ಬಂತು. ಹೊರಗೆ ಲಂಗರು ಹಾಕಿದ ಹಡಗಿನಿಂದ ದೋಣಿಗೆ, ದೋಣಿಯಿಂದ ದಡದ ಧಕ್ಕೆಗೆ, ಅಲ್ಲಿಂದ ಹನ್ನೆರಡು ಆಳುಗಳ ಹೆಗಲ ಮೇಲೆ ಕದ್ರಿಗೆ. ಸುತ್ತಿದ್ದ ಹುಲ್ಲು ಬಿಡಿಸಿ ನಿಲ್ಲಿಸಿದಾಗ ನಾನೂ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಅಷ್ಟು ಚೆಂದ ಇತ್ತು. ಬಾಗಿಲು ಬೆರಳಿನ ತುದಿಗೆ ತೆರೆಯುತ್ತಿತ್ತು.

ಆಗ ದಣಿಯ ಮುದಿ ತಾಯಿ ಅಡ್ಡ ಬಂದರು. ಆಚಾರಿಗೆ ವೀಳ್ಯ ಕೊಡದೆ ಇದರಲ್ಲಿ ಒಂದು ಲೋಟವನ್ನೂ ಇಡಲು ಬಿಡುವುದಿಲ್ಲ ಎಂದರು. ಆಚಾರಿ ಇಂಗ್ಲೆಂಡಿನಲ್ಲಿದ್ದಾನೆ ಎಂದು ಮಗ ಹೇಳಿ ನೋಡಿದ. "ಎಲ್ಲಿ ಬೇಕಾದರೂ ಇರಲಿ. ಮಾಡಿದವನ ಕೈ ಬರಿದು ಉಂಟಲ್ಲ" ಎಂದು ಅವರು ಹಟ ಹಿಡಿದರು. ಕೊನೆಗೆ ಆ ಆಚಾರಿಯ ಬದಲಿಗೆ ಊರಿನ ಒಬ್ಬ ಆಚಾರಿಯನ್ನು ನಿಲ್ಲಿಸಿ ಕೊಡುವುದೆಂದು ತೀರ್ಮಾನವಾಯಿತು. ಯಾರಾದರೂ ಇದ್ದಾರಾ ಎಂದು ದಣಿ ನನ್ನನ್ನು ಕೇಳಿದ. ಒಬ್ಬರಿದ್ದಾರೆ ಎಂದೆ. ಆ ಕಪಾಟನ್ನು ಅದು ಗಟ್ಟಿಯಿರುವಾಗ ಅಪ್ಪ ಒಮ್ಮೆ ನೋಡಬೇಕು, ಆಮೇಲೆ ಅದು ಬಿದ್ದ ಸುದ್ದಿ ಕೇಳಬೇಕು ಎಂಬುದು ನನ್ನ ಆಸೆ.

ಅಪ್ಪ ಬರಲು ಒಪ್ಪಿದ್ದೇ ನನಗೆ ಆಶ್ಚರ್ಯ. ಇಂಗ್ಲಿಷರ ಆಚಾರಿಯ ಕೆಲಸ ನೋಡಬೇಕು ಎಂದಷ್ಟೇ ಹೇಳಿದರು. ದಣಿಗೆ ಅವರ ಗುರುತು ಸಿಗಲಿಲ್ಲ. ಒಬ್ಬನ ಜೀವಮಾನದ ಕೆಲಸವನ್ನು ಕಾಲಿನಿಂದ ಒದ್ದವನಿಗೆ ಆ ಮುಖವೂ ನೆನಪಿಲ್ಲ. ಒದ್ದದ್ದಕ್ಕಿಂತ ಇದು ನನಗೆ ಹೆಚ್ಚು ಉರಿಯಿತು, ಈಗ ಬರೆಯುವಾಗಲೂ ಉರಿಯುತ್ತದೆ.

ಅಪ್ಪ ಅಂಗೈಯಿಂದ ಕಪಾಟನ್ನು ಮೇಲಿನಿಂದ ಕೆಳಗೆ ಸವರಿದರು. ಬಾಗಿಲು ತೆರೆದು ಸಂದುಗಳನ್ನು ನೋಡಿದರು. ಹಿಂಬದಿಯ ಹಲಗೆಯಲ್ಲಿ ಮಾಡಿದವನು ಎರಡು ಅಕ್ಷರ ಕೊರೆದಿದ್ದ, ಕೆಳಗೆ ಒಂದು ಅಂಕೆ. ಅವುಗಳ ಮೇಲೆ ಕೈ ಆಡಿಸಿ ನನ್ನಿಂದ ಓದಿಸಿದರು. "ದೊಡ್ಡ ಕೆಲಸಗಾರ" ಎಂದರು. ಆಮೇಲೆ ಸಂದಿಗೆ ಮೂಗು ಒಡ್ಡಿ ಅಂಟಿನ ವಾಸನೆ ನೋಡಿದರು.

"ದಣಿಗಳೇ, ಇದು ಬರೀ ಅಂಟಿನಲ್ಲಿ ನಿಂತದ್ದು. ಆಟಿ ತಿಂಗಳ ಜೋರು ಮಳೆಗೆ ಸಂದು ಬಿಡ್ತದೆ. ನಮ್ಮ ಮಳೆಯ ಸುದ್ದಿ ಆ ಮನುಷ್ಯನಿಗೆ ಯಾರೂ ಹೇಳಲಿಲ್ಲ ಅಂತ ಕಾಣ್ತದೆ, ಗೊತ್ತಿದ್ದರೆ ಹೀಗೆ ಮಾಡುವ ಕೈ ಅಲ್ಲ ಇದು. ಒಳಗಿನಿಂದ ಎಂಟು ಬಿದಿರಿನ ಗೂಟ ಹಾಕಿ ಕೊಡ್ತೇನೆ. ಹೊರಗೆ ಕಾಣುವುದಿಲ್ಲ."

ದಣಿ ಹೂಂ ಎಂದರೆ ನನ್ನ ಇಷ್ಟು ವರ್ಷದ ಕಾಯುವಿಕೆ ನೀರಿಗೆ ಬಿದ್ದಂತೆ. ಆದರೆ ಆತ ನನ್ನ ಕೈಬಿಡಲಿಲ್ಲ.

"ಸೀಮೆಯ ಸಾಮಾನಿಗೆ ನೀನು ಉಳಿ ಹಾಕುವುದಾ?" ಎಂದು ನಕ್ಕ. ಅದೇ ನಗು.

ಅಪ್ಪ ಇಂಗ್ಲೆಂಡಿನ ಆಚಾರಿಯ ಹೆಸರಿನಲ್ಲಿ ವೀಳ್ಯ ತೆಗೆದುಕೊಂಡರು. ಮನೆಗೆ ಬಂದು ಪಂಚೆಯನ್ನು ಬೇರೆಯಾಗಿ ಮಡಚಿಟ್ಟು, ಇದು ನನ್ನದಲ್ಲ, ಅವನದು ಎಂದರು.

ಮಳೆಗಾಲ ಬಂತು. ನಾನು ದಿನಾ ಟಪ್ಪಾಲು ಹಿಡಿದುಕೊಂಡು ಕದ್ರಿ ಗುಡ್ಡ ಹತ್ತುತ್ತಿದ್ದೆ, ಆಳಿನ ಕೈಯಲ್ಲಿ ಕಳುಹಿಸಬಹುದಾಗಿದ್ದರೂ. ಮೊದಲು ಬಾಗಿಲು ಬಿಗಿಯಾಯಿತು. ಆಮೇಲೆ ಹೊದೆಸಿದ ಮರ ಕಾವಲಿಯ ಮೇಲಿನ ದೋಸೆಯ ಅಂಚಿನಂತೆ ಮೇಲೆದ್ದಿತು. ದಣಿ ಅದನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ, ಬಿಟ್ಟರೆ ಮತ್ತೆ ಏಳುತ್ತಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷ. ಚೌತಿಯ ದಿನ ಮನೆ ತುಂಬ ನೆಂಟರು ಊಟಕ್ಕೆ ಕೂತಿದ್ದಾಗ ನಡುವಿನ ಹಲಗೆ ಕಳಚಿ, ಪಿಂಗಾಣಿಯೆಲ್ಲ ಕನ್ನಡಿ ಬಾಗಿಲನ್ನು ಒಡೆದುಕೊಂಡು ಹೊರಗೆ ಸುರಿಯಿತು. ನಾನೂ ಊಟದ ಪಂಕ್ತಿಯಲ್ಲಿದ್ದೆ. ದಣಿಯ ಮುಖ ನೋಡಿದೆ. ಊಟದ ಎಲೆಯ ಮುಂದೆ ಕೂತು ನೆಂಟರೆಲ್ಲ ಬಾಯಿ ಮುಚ್ಚಿಕೊಂಡು ನಗುವುದನ್ನು ಆತ ನೋಡುತ್ತಿದ್ದ. ನಾನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ. ಆ ಗಳಿಗೆಯ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮರುದಿನ ದಣಿ ನನ್ನನ್ನು ಕೂರಿಸಿ, ಕಾರ್ಖಾನೆಗೆ ಬಿಸಿ ಬಿಸಿ ಕಾಗದ ಬರೆ ಎಂದ. ಕಪಾಟು ವರ್ಷ ತುಂಬುವ ಮೊದಲೇ ಬಿತ್ತು, ಕೆಲಸ ಕೆಟ್ಟದು, ಮಾಡಿದವನಿಗೆ ಕೆಲಸ ಬಾರದು ಎಂದು ಬರೆ. ಹಿಂಬದಿಯ ಹಲಗೆಯ ಅಂಕೆಯನ್ನೂ ಬರೆ. ಮಳೆಯ ವಿಷಯ ಬರೆಯಲಾ ಎಂದು ಬಾಯಿಮಾತಿಗೆ ಕೇಳಿದೆ.

"ಮಳೆಯನ್ನು ಎಂತಕ್ಕೆ ಬರೆಯುವುದು ಮಾರಾಯ? ಮಳೆ ಎಲ್ಲಿ ಬರುವುದಿಲ್ಲ?"

ನನಗೂ ಅದೇ ಬೇಕಿತ್ತು. ಮಳೆ ಎಂದು ಬರೆದರೆ ನನ್ನ ಒಣ ಹವೆ ಬಯಲಾಗುತ್ತದೆ. ಆತ ಹೇಳಿದ್ದಕ್ಕಿಂತ ಖಾರವಾಗಿ ಬರೆದೆ, ಅಂಕೆಯನ್ನು ತಪ್ಪಿಲ್ಲದೆ ಬರೆದೆ. ಅಂಕೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅಪ್ಪ ಆ ಅಂಕೆಯ ಮೇಲೆ ಕೈ ಆಡಿಸುವುದನ್ನು ನೋಡಿದ್ದೆ.

ಎರಡು ತಿಂಗಳ ನಂತರ ಉತ್ತರ ಬಂತು. ತುಂಬ ಮರ್ಯಾದೆಯ ಉತ್ತರ. ನೀವೇ ತಿಳಿಸಿದಂತೆ ನಿಮ್ಮ ಊರು ಒಣ ಹವೆಯದು. ಹಾಗಿದ್ದೂ ಕಪಾಟು ಬಿತ್ತೆಂದರೆ ತಪ್ಪು ಕೆಲಸದ್ದೇ ಇರಬೇಕು, ಬೇರೆ ಕಾರಣ ಕಾಣುವುದಿಲ್ಲ. ಅದನ್ನು ಮಾಡಿದ ಕೆಲಸಗಾರ ನಮ್ಮಲ್ಲಿ ಬಹಳ ಹಳಬ. ಅವನನ್ನು ಕೆಲಸದಿಂದ ತೆಗೆದಿದ್ದೇವೆ. ನಿಮಗೆ ಇನ್ನೊಂದು ಕಪಾಟನ್ನು ನಮ್ಮ ಖರ್ಚಿನಲ್ಲೇ ಕಳುಹಿಸುತ್ತೇವೆ, ಮುನ್ನೆಚ್ಚರಿಕೆಗೆ ಈ ಸಲ ತಿರುಪು ಹಾಕಿಸಿದ್ದೇವೆ.

ಒಣ ಹವೆಯ ಸಾಲು ಬಿಟ್ಟು ಉಳಿದದ್ದನ್ನು ದಣಿಗೆ ಓದಿ ಹೇಳಿದೆ. ಆತ ತೊಡೆ ತಟ್ಟಿಕೊಂಡ. "ನೋಡಿದಿಯಾ, ಅಲ್ಲಿ ಕೆಲಸ ಕೆಟ್ಟರೆ ಕುತ್ತಿಗೆ ಹಿಡಿದು ಹೊರಗೆ ಹಾಕ್ತಾರೆ. ಶಿಸ್ತು ಅಂದ್ರೆ ಅದು" ಎಂದ. ಎರಡನೆಯ ಕಪಾಟು ಬಂತು, ಈಗಲೂ ಆ ಬಂಗಲೆಯಲ್ಲಿ ಗಟ್ಟಿಯಾಗಿ ನಿಂತಿದೆ. ನನ್ನ ಸೇಡಿನಿಂದ ಆತನಿಗೆ ಒಂದು ದಿನದ ಅವಮಾನವೂ ಬಿಟ್ಟಿ ಕಪಾಟೂ ಸಿಕ್ಕಿತು.

ಮನೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರಿಗಾಗಿ ಮಾಡಿದ್ದಲ್ಲವೇ, ಚೌತಿಯ ದಿನದ ದಣಿಯ ಮುಖವನ್ನು ಕೇಳಿಯಾದರೂ ಒಂದಿಷ್ಟು ಸಂತೋಷಪಟ್ಟಾರು ಎಂದುಕೊಂಡಿದ್ದೆ. ಅವರು ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಅವನಿಗೆ ಎಷ್ಟು ಪ್ರಾಯ ಅಂತ ಬರೆದಿದ್ದಾರಾ?" ಎಂದು ಕೇಳಿದರು.

ಇಲ್ಲ ಎಂದೆ.

"ಬರೆ. ಕೆಲಸದಲ್ಲಿ ತಪ್ಪಿಲ್ಲ, ಇಲ್ಲಿ ಮಳೆ ಉಂಟು, ಸುಳ್ಳು ಬರೆದದ್ದು ನಾನು ಅಂತ ಬರೆ. ನಾಳೆಯೇ ಬರೆ."

ಮರುದಿನ ಟೈಪಿನ ಮುಂದೆ ಕೂತೆ. ಮಾನ್ಯರೇ ಎಂಬಲ್ಲಿಯ ತನಕ ಹೊಡೆದೆ. ಆ ಕಾಗದ ಅಲ್ಲಿಗೆ ತಲುಪಿದರೆ ಅವರು ದಣಿಗೆ ಬರೆಯುತ್ತಾರೆ. ದಣಿ ನನ್ನನ್ನು ಹೊರಗೆ ಹಾಕುತ್ತಾನೆ, ಪೊಲೀಸರಿಗೂ ಕೊಟ್ಟಾನು, ಆತ ನಕ್ಕುಕೊಂಡೇ ಕೊಟ್ಟಾನು. ಆ ನಗುವನ್ನು ಇನ್ನೊಂದು ಸಲ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಹಾಳೆಯನ್ನು ಎಳೆದು ಹರಿದೆ. ಮನೆಗೆ ಹೋಗಿ, ಬರೆದೆ ಎಂದೆ.

ಆಮೇಲೆ ಹಡಗಿನ ಟಪ್ಪಾಲು ಬರುವ ಪ್ರತಿ ವಾರ ಅಪ್ಪ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಉತ್ತರ ಬಂತಾ? ಇಲ್ಲ. ಇನ್ನೊಂದು ಬರೆಯುವಾ. ಸರಿ, ಬರೆಯುವಾ. ಹೀಗೆ ಒಂದು ವರ್ಷವಾಯಿತು. ಅವರು ಬಿಡುವವರಲ್ಲ, ನನಗೋ ಆ ಪ್ರಶ್ನೆಯನ್ನು ತಾಳಲು ಆಗುವುದಿಲ್ಲ. ಒಂದು ದಿನ ಚಪ್ಪಲಿ ಬಿಡುತ್ತಾ, ಉತ್ತರ ಬಂತು, ಆ ಮನುಷ್ಯನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರಂತೆ ಎಂದೆ. ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟರು, ಚಿಕ್ಕಂದಿನ ನಂತರ ಅದೇ ಮೊದಲು. ಒಳಗೆ ಹೋಗಿ ಅಮ್ಮನಿಗೆ ಹೇಳಿ ಪಾಯಸ ಮಾಡಿಸಿದರು. ನಾನು ಎರಡು ಸಲ ಬಡಿಸಿಕೊಂಡು ತಿಂದೆ.