ಮೂಟೆ ಎತ್ತುವ ಪಿಕ್ಚರು

ಕಳೆದ ಭಾನುವಾರ ಡೊಂಬಿವಲಿಯ ನಮ್ಮ ಚಾಳಿನಲ್ಲಿ ಒಂದು ಫಜೀತಿಯಾಯಿತು. ನಮ್ಮ ಮನೆಗೆ ವಿಸಿಆರ್ ಬಾಡಿಗೆಗೆ ಬಂದಿದೆ ಎಂಬ ಸುದ್ದಿ ಹಬ್ಬಿ, ಮಧ್ಯಾಹ್ನ ಮೂರಕ್ಕೆ ಅಕ್ಕಪಕ್ಕದವರೆಲ್ಲ ಚಾಪೆ ಸಮೇತ ಬಂದು ಕುಳಿತರು. ಹೀರೋ ಯಾರು ಅಂತ ಮಕ್ಕಳ ಜಗಳ ಬೇರೆ.

ಟಿವಿ ಶುರುವಾಯಿತು. ಟೈ ಕಟ್ಟಿದ ಬಿಳಿ ಸಾಹೇಬನೊಬ್ಬ ಬಂದ. ಮೊಣಕಾಲು ಮಡಚಿದ. ಡಬ್ಬ ಎತ್ತಿದ. ಟೇಬಲ್ ಮೇಲೆ ಇಟ್ಟ. ಮತ್ತೆ ಎತ್ತಿದ.

"ಫೈಟಿಂಗ್ ಕಬ್ ಹೈ?" ಹೊಡೆದಾಟ ಯಾವಾಗ ಅಂತ ಪಕ್ಕದ ಮನೆಯ ಪುಟ್ಟ ಹುಡುಗಿ ಕೇಳಿದಳು.

ಏನು ಹೇಳಲಿ? ಇದು ಕೆಲಸದಲ್ಲಿ ಭಾರ ಎತ್ತುವುದನ್ನು ಕಲಿಸುವ ಪಿಕ್ಚರು! ತಂದವಳು ನನ್ನ ಮೊಮ್ಮಗಳು ವೀಣಾ. ವಾಗ್ಳೆ ಎಸ್ಟೇಟಿನ ಒಂದು ಫ್ಯಾಕ್ಟರಿಯ ಸೇಫ್ಟಿ ಆಫೀಸಿನಲ್ಲಿ ಅವಳಿಗೆ ನೌಕರಿ ಸಿಕ್ಕಿದೆ. (ಹೌದು, ಹೋದ ವಾರವೂ ಇದನ್ನೇ ಬರೆದಿದ್ದೆ. ಇನ್ನೊಮ್ಮೆ ಓದಿದರೆ ನಿಮ್ಮ ಗಂಟೇನು ಹೋಗುತ್ತದೆ?) ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಅದೇ ಎಸ್ಟೇಟಿನ ಗೋದಾಮಿನಲ್ಲಿ ಮೂಟೆ ಹೊತ್ತವನು ನಾನು. ಅದೇ ರಸ್ತೆಯಲ್ಲಿ ನನ್ನ ಮೊಮ್ಮಗಳು ಪರ್ಸ್ ಹಾಕಿಕೊಂಡು ಆಫೀಸಿಗೆ ನಡೆಯುತ್ತಾಳೆ. ಈ ಸಂತೋಷವನ್ನು ಎಲ್ಲಿ ಇಡಲಿ, ಹೇಳಿ?

ಅವಳ ಮೊದಲ ಕೆಲಸವೇ ಇದು. ಒಂದೇ ತಿಂಗಳಲ್ಲಿ ಅಲ್ಲಿನ ಇಬ್ಬರು ಲೋಡರುಗಳು ಸೊಂಟ ಹಿಡಿದು ಮಲಗಿದ್ದಾರೆ. ಅವಳ ಸಾಹೇಬರು ಮೂರು ಕ್ಯಾಸೆಟ್ ಕೈಗಿಟ್ಟು, ಒಂದನ್ನು ಆರಿಸಿ ಸೋಮವಾರ ತಾ ಅಂದಿದ್ದಾರೆ. ಸಾಹೇಬರ ಕಣ್ಣು ಕಲರ್ ಇರುವ ಫಾರಿನ್ ಕ್ಯಾಸೆಟ್ ಮೇಲೆ. ವೀಣಾಳ ನೌಕರಿಯೋ ಇನ್ನೂ ಪಕ್ಕಾ ಆಗಿಲ್ಲ. ತಪ್ಪು ಆರಿಸಿದರೆ?

ಯಾವುದನ್ನು ಒಯ್ಯುತ್ತೀ ಅಂತ ಕೇಳಿದೆ. "ಅಜ್ಜಾ, ತುಮ್ಹೀಚ್ ಸಾಂಗಾ" ಅಂದಳು. ನೀವೇ ಹೇಳಿ ಅಂತ. (ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. ಇರಲಿ.) ಜನ್ಮದಲ್ಲಿ ಯಾವ ಆಫೀಸರೂ ನನ್ನನ್ನು ಏನೂ ಕೇಳಿದ್ದಿಲ್ಲ. ಇವಳು ಕೇಳಿದಳು!

ಕಣ್ಣು ಕಿಸಿದು ನೋಡತೊಡಗಿದೆ. ಆ ಬಿಳಿ ಸಾಹೇಬನ ಬೆನ್ನು ನೆಟ್ಟಗಿತ್ತು, ಡಬ್ಬ ಎದೆಗೆ ಹತ್ತಿರವಿತ್ತು. ಎಲ್ಲ ಸರಿ. ಆದರೂ ಏನೋ ಕಡಿಮೆ. ಏನದು?

ನನ್ನ ಹೆಂಡತಿ ಗೌರಮ್ಮ ಅಕ್ಕಿ ಆರಿಸುತ್ತ ಕುಳಿತಲ್ಲಿಂದಲೇ ಹೇಳಿದಳು: "ಅಯ್ಯ, ಆ ಡಬ್ಬ್ಯಾಗ ಏನೂ ಇಲ್ರಿ. ಅಂವನ ಕೊಳ್ಳಾಗಿನ ನರಾ ಸುದ್ದಾ ಉಬ್ಬಲಿಲ್ಲ!"

ಎರಡನೆಯದರಲ್ಲಿ ಬೆನ್ನುಮೂಳೆಯ ಚಿತ್ರ, ಬಾಣದ ಗುರುತು, ಇಂಗ್ಲಿಷ್ ಭಾಷಣ. ಡಾಕ್ಟರಿಕೆ ಓದುವವರಿಗೆ ಒಳ್ಳೆಯದು. ಅರ್ಧ ಜನ ಚಾಪೆ ಸುತ್ತಿಕೊಂಡು ಎದ್ದರು. ಉಳಿದವರಲ್ಲಿ ಒಬ್ಬ ಪಕ್ಕದ ಖೋಲಿಯ ಸಖಾರಾಮ. ಅವನು ಕಲ್ಯಾಣದಲ್ಲಿ ಇವತ್ತಿಗೂ ಮೂಟೆ ಹೊರುತ್ತಾನೆ.

ಮೂರನೆಯದು ಬ್ಲಾಕ್ ಅಂಡ್ ವೈಟ್. ಹಿಂದಿ. ಮಧ್ಯೆ ಮಧ್ಯೆ ಗೆರೆ ಬೇರೆ. ಆದರೆ ಅದರಲ್ಲಿ ಮೂಟೆ ಇತ್ತು! ಒಬ್ಬ ಮೂಟೆಯ ಮೂಲೆ ಹಿಡಿದು ಸ್ವಲ್ಪ ವಾಲಿಸಿ ನೋಡಿದ. ಕೆಳಗೆ ಬಿಟ್ಟ. "ಅರೇ ಭಾಯಿ, ಜರಾ ಹಾಥ್ ಲಗಾನಾ" ಸ್ವಲ್ಪ ಕೈ ಹಚ್ಚು ಅಂತ ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಎತ್ತಿದರು. ಅಷ್ಟೇ.

"ಪೋರಿ, ಪರತ್ ಲಾವ್" ಅಂದ ಸಖಾರಾಮ. ಮತ್ತೆ ಹಾಕು ಅಂತ. ಮತ್ತೆ ನೋಡಿದೆವು. ಅವನು ನನ್ನ ಕಡೆ ತಿರುಗಿದ. "ಕಾಕಾ, ಉಸ್ಕೋ ಕೋಯಿ ಹಸಾ ನಹೀಂ?"

ಹೌದಲ್ಲ. ಅವನನ್ನು ನೋಡಿ ಯಾರೂ ನಗಲಿಲ್ಲ!

ಓದುಗರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಗೋದಾಮಿನಲ್ಲಿ ಒಂದು ರಿವಾಜು ಇತ್ತು: ಮೂಟೆಗೆ ಕೈ ಹಚ್ಚಿದ ಮೇಲೆ ಬಿಡುವ ಹಾಗಿಲ್ಲ. ಬಿಟ್ಟರೆ "ಬಳಿ ತೊಡಸ್ರೋ ಇವಗ" ಅಂತ ಎಂಟು ದಿನ ಕೂಗುತ್ತಿದ್ದರು. (ಕೂಗಿದವರಲ್ಲಿ ನಾನೂ ಒಬ್ಬ.) ಒಂದು ಮಳೆಗಾಲದಲ್ಲಿ ನೀರು ಕುಡಿದ ಮೂಟೆಯೊಂದಕ್ಕೆ ಕೈ ಹಚ್ಚಿದೆ. ಮೂಲೆ ಮುಟ್ಟಿದಾಗಲೇ ಗೊತ್ತಾಯಿತು, ಇದು ಒಬ್ಬನ ಭಾರವಲ್ಲ. ಎಲ್ಲರೂ ನೋಡುತ್ತಿದ್ದರು. ಎತ್ತಿದೆ. ಅಂದಿನಿಂದ ಸೊಂಟಕ್ಕೆ ಪಟ್ಟಾ.

ಮೊಣಕಾಲು ಮಡಚುವುದನ್ನು ಯಾರಾದರೂ ಕಲಿಸಿಯಾರು. "ನನ್ನಿಂದ ಆಗೂದಿಲ್ಲ, ಬಾ" ಅನ್ನುವುದನ್ನು?

"ಇದನ್ನಽ ಒಯ್ಯವ್ವಾ" ಅಂದೆ.

ಒಯ್ದಳು. ಸಾಹೇಬರು ಮೂಗು ಮುರಿದರಂತೆ. "ಬ್ಲಾಕ್ ಅಂಡ್ ವೈಟ್?" ನನ್ನ ವೀಣಾ ಹೆದರಲಿಲ್ಲ: "ಸರ್, ಮೂಟೆ ಹೊತ್ತವರೇ ಆರಿಸಿದ್ದು." ಸರಿ, ತೋರಿಸು ಅಂದರಂತೆ.

ಬುಧವಾರ ಲೋಡರುಗಳಿಗೆಲ್ಲ ತೋರಿಸಿ ಬಂದಳು. ನಾನು ಬಾಗಿಲಲ್ಲೇ ಹಿಡಿದೆ. "ನಕ್ಕರೇನು?"

"ನಾಹೀ ಅಜ್ಜಾ. ಮುಗದ ಮ್ಯಾಲೆ ಒಬ್ಬ ಎದ್ದು ನಿಂತ. 'ಮೇಡಂ, ಮೇರೀ ಪಾಳೀ ಮೇ ಮೈ ಅಕೇಲಾ ಹೂಂ. ಆವಾಜ್ ಕಿಸ್ಕೋ ದೂಂ?' ಅಂದ."

ಅವನ ಪಾಳಿಯಲ್ಲಿ ಅವನೊಬ್ಬನೇ. ಯಾರನ್ನು ಕರೆಯಬೇಕು?

ನನಗೆ ಇದು ಹೊಳೆದೇ ಇರಲಿಲ್ಲ. ವೀಣಾ ಆ ಪ್ರಶ್ನೆಯನ್ನು ಹಾಗೇ ಟೈಪ್ ಮಾಡಿ, ಕೆಳಗೆ ತನ್ನ ಸಹಿ ಹಾಕಿ, ಸಾಹೇಬರ ಟೇಬಲ್ಲಿನ ಮೇಲಿಟ್ಟು ಬಂದಿದ್ದಾಳೆ. ನೌಕರಿ ಪಕ್ಕಾ ಆಗದ ಹುಡುಗಿ! ಗೌರಮ್ಮನಿಗೆ ಹೆದರಿಕೆ. ನನಗೂ ಇದೆ, ಆದರೆ ಎದೆ ಉಬ್ಬುವುದೂ ನಿಲ್ಲುತ್ತಿಲ್ಲ.

ಕ್ಯಾಸೆಟ್ಟೇನೋ ಸಿಕ್ಕಿತು ಸ್ವಾಮಿ, ಮೂಟೆಯ ಇನ್ನೊಂದು ತುದಿ ಹಿಡಿಯುವವನನ್ನು ಯಾವ ಅಂಗಡಿಯಿಂದ ತರೋಣ?